ಮೊದಲು ಮುಟ್ಟುವ ಕೈ ನಿಮ್ಮದಾಗಲಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹುಡುಗ ಹುಡುಗಿಯರೇ, ತುರ್ತು ವೈದ್ಯಕೀಯ ತಂತ್ರಜ್ಞರಾಗಲು ಹೊರಟವರೇ, ನಿಮ್ಮ ಹತ್ತಿರ ಒಂದು ಮಾತಿದೆ. ನಮ್ಮ ಕಡೆ ಯಾರಿಗಾದರೂ ಜೀವಕ್ಕೆ ಕುತ್ತು ಬಂದರೆ ಜಗಳೂರಿನವರು ದಾವಣಗೆರೆಯ ಚಿಗಟೇರಿ ಆಸ್ಪತ್ರೆಯ ದಾರಿ ಹಿಡಿಯುತ್ತಾರೆ, ನ್ಯಾಮತಿಯವರು ಶಿವಮೊಗ್ಗದ ಮೆಗ್ಗಾನ್ ಕಡೆ ಓಡುತ್ತಾರೆ. ದಾರಿ ದೂರ. ಹೃದಯ ನಿಂತ ಮೇಲೆ ಮಿದುಳು ಮಾತ್ರ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತಾಳುವುದಿಲ್ಲ. ಆ ದೂರಕ್ಕೂ ಈ ನಿಮಿಷಗಳಿಗೂ ನಡುವೆ ನಿಲ್ಲಬೇಕಾದವರು ನೀವು.

2008ರ ನವೆಂಬರ್ 1ರಂದು ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಶುರುವಾದಾಗಿನಿಂದ 108 ನಮ್ಮ ಹಳ್ಳಿಯ ಮುದುಕರಿಗೂ ಬಾಯಿಪಾಠ. ಗಾಡಿ ಓಡಿಸಲು ಪೈಲಟ್ ಇರುತ್ತಾರೆ. ಹಿಂದೆ ರೋಗಿಯ ಪಕ್ಕ ಕೂತು ಜೀವ ಕಾಯುವವರು ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞರು. ಆದ್ದರಿಂದ ಅಂಗರಚನೆಯ ಪಾಠವನ್ನು ಬರೀ ಅಂಕಕ್ಕಾಗಿ ಓದಬೇಡಿ. ಅದರಲ್ಲಿರುವ ಒಂದೊಂದು ಹೆಸರೂ ನಾಳೆ ನೀವು ಕೈ ಇಡಬೇಕಾದ ಜಾಗ.

ಚನ್ನಗಿರಿಯ ಅಡಿಕೆ ತೋಟದಲ್ಲಿ ಕೊನೆ ಕೊಯ್ಯುವವನೊಬ್ಬ ಮರದಿಂದ ಬಿದ್ದ ಎನ್ನಿ. ಗಾಬರಿಬಿದ್ದ ಜನ ಕೈಕಾಲು ಹಿಡಿದೆತ್ತಿ ಗೂಡ್ಸ್ ಆಟೋಗೆ ಹಾಕಲು ಹೊರಡುತ್ತಾರೆ. ನೀವು ತಡೆಯಬೇಕು. ಕುತ್ತಿಗೆಯಲ್ಲಿ 7 ಮಣಿಮೂಳೆಗಳಿವೆ, ಅವುಗಳ ಒಳಗೆ ಬೆನ್ನುಹುರಿ ಇಳಿಯುತ್ತದೆ. ಉಸಿರಾಡಿಸುವ ವಪೆಗೆ ಹೋಗುವ ನರ ಹೊರಡುವುದು ಅಲ್ಲಿಂದಲೇ. ಮುರಿದ ಮೂಳೆ ಒಂದಿಷ್ಟು ಜರುಗಿದರೂ ಕೈಕಾಲು ಬಿದ್ದುಹೋಗಬಹುದು, ಉಸಿರೇ ನಿಲ್ಲಬಹುದು. ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿಯಿರಿ, ಕಾಲರ್ ಹಾಕಿ, ಇಡೀ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಬೋರ್ಡಿನ ಮೇಲೆ ಮಲಗಿಸಿ. ದೋಟಿ ಕರೆಂಟ್ ತಂತಿಗೆ ತಗುಲಿದ್ದರೆ ಮೊದಲು ಲೈನ್ ಆಫ್ ಮಾಡಿಸಿ, ಆಮೇಲೆ ಮುಟ್ಟಿ. ನೀವು ಉಳಿದರೆ ತಾನೇ ಇನ್ನೊಬ್ಬರನ್ನು ಉಳಿಸುವುದು!

ಹೊನ್ನಾಳಿಯ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದರೆ ಕಾಲು ಊದುತ್ತದೆ, ರಕ್ತ ಹೆಪ್ಪುಗಟ್ಟುವುದಿಲ್ಲ. ಕಟ್ಟುಹಾವು ಕಚ್ಚಿದ್ದು ರಾತ್ರಿ ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು. ಬೆಳಗ್ಗೆ ಕಣ್ಣಿನ ರೆಪ್ಪೆ ಜೋತುಬಿದ್ದಿದ್ದರೆ ಮುಂದೆ ಸೋಲುವುದು ಉಸಿರಾಟದ ಸ್ನಾಯು ಎಂದು ನಿಮಗೆ ತಿಳಿದಿರಬೇಕು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಪಟ್ಟಿ ಕಟ್ಟಿ, ವಿಷನಿವಾರಕ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಸಮಸ್ಯೆ ಅಷ್ಟು ದೊಡ್ಡದು.

ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದ ರೈತನ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ಅದು ಕೀಟನಾಶಕದ ವಿಷ. ಗ್ಲೌಸ್ ಹಾಕಿಕೊಂಡು ಬಟ್ಟೆ ಕಳಚಿ, ಮೈ ತೊಳೆಯಿರಿ. ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬ ಜೊತೆಗೇ ತನ್ನಿ.

ಇನ್ನು ಹೃದಯ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇಸಿಜಿಯನ್ನೂ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನೂ ತಾಲ್ಲೂಕು ಆಸ್ಪತ್ರೆ ಮಟ್ಟಕ್ಕೆ ತಂದಿದೆ. ಆದರೆ ಅಲ್ಲಿಯವರೆಗೆ ಜೀವ ಉಳಿದಿರಬೇಕಲ್ಲ? ಪ್ರಜ್ಞೆಯಿಲ್ಲ, ಸರಿಯಾದ ಉಸಿರಿಲ್ಲ ಎಂದರೆ ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಅಂಗೈ ಊರಿ, ಮೊಣಕೈ ಮಡಿಸದೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ, ಹೃದಯಕ್ಕೆ ರಕ್ತ ತುಂಬಿಕೊಳ್ಳುವುದು ಆಗಲೇ.

ಇದಕ್ಕೆ ಮಹಾ ಪ್ರತಿಭೆ ಬೇಕಿಲ್ಲ, ಅಭ್ಯಾಸ ಬೇಕು. ಈ ವಾರವೇ ಗೆಳೆಯನ ಗಂಟಲ ಪಕ್ಕದಲ್ಲಿ ಬೆರಳಿಟ್ಟು ನಾಡಿ ಹುಡುಕಿ. ಕಣ್ಣು ಮುಚ್ಚಿಕೊಂಡೂ ಸಿಗುವವರೆಗೆ ಬಿಡಬೇಡಿ. ಕಲಿತದ್ದನ್ನು ನಿಮ್ಮೂರ ಹೈಸ್ಕೂಲಿನಲ್ಲಿ, ಯುವಕ ಸಂಘದಲ್ಲಿ, ಸ್ತ್ರೀಶಕ್ತಿ ಗುಂಪಿನಲ್ಲಿ ಹೇಳಿಕೊಡಿ. ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ, ಪೊಲೀಸ್ ಕೇಸಿಗೆ ಹೆದರಬೇಕಿಲ್ಲ ಎಂದೂ ಹೇಳಿ.

ದೊಡ್ಡ ಆಸ್ಪತ್ರೆಗಳು ನಮ್ಮ ತಾಲ್ಲೂಕುಗಳಿಗೂ ಬರಲಿ, ಅದನ್ನು ಕೇಳುತ್ತಲೇ ಇರೋಣ. ಅಲ್ಲಿಯವರೆಗೆ ಉಳಿಯಬಹುದಾದ ಒಂದು ಜೀವವೂ ದಾರಿಯಲ್ಲಿ ಹೋಗಬಾರದು ಎಂಬ ಹಟ ನಿಮಗಿರಲಿ.