ಹಳ್ಳಿಯ ಬಾಳಿನಲ್ಲಿ ಬಾನುಲಿ

(ರಾಜ್ಯೋತ್ಸವದ ಅಂಗವಾಗಿ ಮುಲುಂಡಿನಲ್ಲಿ ಮಾಡಿದ ಭಾಷಣ)



ಮುಂಬಯಿಯ ಅಂಚಿನಲ್ಲಿ, ಇನ್ನೊಂದು ನಿಲ್ದಾಣ ದಾಟಿದರೆ ಠಾಣೆಯೇ ಬರುವ ಈ ಮುಲುಂಡಿನಲ್ಲಿ ಕುಳಿತು ಹಳ್ಳಿಯ ಬಾನುಲಿಯ ಮಾತನ್ನೇಕೆ ಎತ್ತಬೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಆದರೆ ಇಲ್ಲಿ ನೆರೆದ ಬಹುಮಂದಿಯ ಬೇರು ಒಂದಿಲ್ಲೊಂದು ಹಳ್ಳಿಯಲ್ಲಿದೆ. ವಿಜಯಪುರ, ಧಾರವಾಡಗಳ ಕಡೆಯದಾಗಲಿ, ಉಡುಪಿ, ಮಂಗಳೂರುಗಳ ಕಡೆಯದಾಗಲಿ, ಆ ಊರಿನ ಸುಖದುಃಖ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಆದ್ದರಿಂದ ಈ ವಿಷಯವನ್ನು ತಮ್ಮ ಮುಂದಿಡುತ್ತಿದ್ದೇನೆ.

ಬಾನುಲಿಯ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಅದು ತಳೆದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ೧೯೫೦ರ ಜನವರಿ ೮ರಂದು ಧಾರವಾಡ ಕೇಂದ್ರ ಆರಂಭವಾದಾಗ ಧಾರವಾಡವಿನ್ನೂ ಮುಂಬಯಿ ಪ್ರಾಂತ್ಯದಲ್ಲಿತ್ತು. ೧೯೫೫ರಲ್ಲಿ ಬೆಂಗಳೂರು, ೧೯೬೬ರಲ್ಲಿ ಕಲಬುರ್ಗಿ, ೧೯೭೬ರಲ್ಲಿ ಮಂಗಳೂರು ಕೇಂದ್ರಗಳು ಬಂದವು. ವರಕವಿ ಬೇಂದ್ರೆಯವರಂಥವರು ಧಾರವಾಡ ಕೇಂದ್ರದ ಸಲಹೆಗಾರರಾಗಿದ್ದರೆಂಬುದು ಆ ಕಾಲದ ಹಿರಿಮೆಯನ್ನು ತಿಳಿಸುತ್ತದೆ. ಬಾನುಲಿಯ ಅಲೆಗಳಿಗೆ ರಾಜ್ಯದ ಗಡಿ ತಿಳಿಯದು. ಜತ್ತ, ಅಕ್ಕಲಕೋಟೆಗಳ ಕನ್ನಡ ಹಳ್ಳಿಗಳು ೧೯೫೬ರ ನಂತರವೂ ಕರ್ನಾಟಕದ ಹೊರಗುಳಿದವು. ಕನ್ನಡದ ದನಿ ಮಾತ್ರ ಗಡಿ ದಾಟಿ ಹೋಗಬಲ್ಲದಾಗಿತ್ತು.

ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಊರಿಗೆ ಪತ್ರಿಕೆ ಬಂದು ಫಲವೇನು? ಬಾನುಲಿಯಾದರೋ ಅಕ್ಷರವನ್ನು ಕೇಳುವುದಿಲ್ಲ, ಕಿವಿಯೊಂದನ್ನೇ ಕೇಳುತ್ತದೆ. ಪೇಟೆಯ ಧಾರಣೆ, ಮಳೆಯ ಸೂಚನೆ, ಬೀಜ-ಗೊಬ್ಬರಗಳ ವಿಚಾರ, ರಾತ್ರಿಯ ನಾಟಕ, ಇವೆಲ್ಲ ಚಾವಡಿಯ ಒಂದೇ ಪೆಟ್ಟಿಗೆಯಿಂದ ಊರಿಗೆಲ್ಲ ದೊರೆತವು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವಾದೀತು. ಪೆಟ್ಟಿಗೆಯನ್ನು ತಂದಿಟ್ಟ ಮಾತ್ರಕ್ಕೆ ಹಳ್ಳಿ ಏಳಿಗೆ ಹೊಂದುವುದೇ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಈ ನಗರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೂ ಒಂದು. ರಾಜ್ಯ ಪುನರ್ವಿಂಗಡಣೆಯಾದ ಅದೇ ೧೯೫೬ರಲ್ಲಿ ಆಕಾಶವಾಣಿಯು ಯುನೆಸ್ಕೋದ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಪುಣೆ, ಅಹಮದನಗರ, ನಾಸಿಕ, ಉತ್ತರ ಸಾತಾರಾ, ಕೊಲ್ಹಾಪುರ ಎಂಬ ಅಂದಿನ ಐದು ಜಿಲ್ಲೆಗಳ ೧೫೦ ಹಳ್ಳಿಗಳನ್ನು ಆರಿಸಿ, ಊರೂರಿನಲ್ಲಿ ಶ್ರೋತೃಕೂಟಗಳನ್ನು ಕಟ್ಟಲಾಯಿತು. ಪುಣೆ ಕೇಂದ್ರದಿಂದ ವಾರಕ್ಕೆ ಎರಡರಂತೆ ಹತ್ತು ವಾರ, ಅರ್ಧ ಗಂಟೆಯ ೨೦ ಕಾರ್ಯಕ್ರಮಗಳು ಪ್ರಸಾರವಾದವು. ಕೂಟದವರು ಕೇಳಬೇಕು, ಕೇಳಿ ಚರ್ಚಿಸಬೇಕು, ಚರ್ಚಿಸಿ ಕಾರ್ಯಕ್ಕೆ ತೊಡಗಬೇಕು. ಸಂಶಯಗಳನ್ನು ಬರೆದು ಕಳಿಸಿದರೆ ಕೇಂದ್ರವು ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ ಕೊಡಬೇಕು. ಇದು ಏರ್ಪಾಡು.

ಫಲವನ್ನು ಅಳೆದವರು ಟಾಟಾ ಸಂಸ್ಥೆಯವರು. ಪಾಲ್ ನ್ಯೂರಾಥ್ ಎಂಬ ವಿದ್ವಾಂಸರು ಆ ಅಧ್ಯಯನದ ಮುಂದಾಳು. ಕೂಟವಿದ್ದ ೨೦ ಹಳ್ಳಿಗಳನ್ನು ಕೂಟವಿಲ್ಲದ ೨೦ ಹಳ್ಳಿಗಳೊಡನೆ ಹೋಲಿಸಿ ನೋಡಿದರು. ಕೂಟವಿಲ್ಲದ ಊರುಗಳಲ್ಲಿ ಹತ್ತರಲ್ಲಿ ರೇಡಿಯೋ ಇತ್ತು, ಹತ್ತರಲ್ಲಿ ಇರಲಿಲ್ಲ. ಕೂಟಗಳಿದ್ದ ಊರುಗಳಲ್ಲಿ ಜನರ ತಿಳಿವಳಿಕೆ ಬೆರಗಾಗುವಷ್ಟು ಹೆಚ್ಚಿತ್ತು. ಕೆಲವೆಡೆ ಬಾವಿ ತೋಡುವುದಕ್ಕೂ, ಒಳ್ಳೆಯ ತಳಿಯ ಹೋರಿ ಕೊಳ್ಳುವುದಕ್ಕೂ, ಬಾಲವಾಡಿ ತೆರೆಯುವುದಕ್ಕೂ ಊರವರು ನಿಶ್ಚಯಿಸಿದ್ದರು. ಉಳಿದ ಊರುಗಳಲ್ಲಿ ಕಂಡ ಬದಲಾವಣೆ ಅತ್ಯಲ್ಪ. ಗಮನಿಸಿರಿ, ಬರಿಯ ರೇಡಿಯೋ ಇದ್ದ ಊರುಗಳೂ ಈ ‘ಉಳಿದ’ ಊರುಗಳಲ್ಲೇ ಸೇರಿದ್ದವು!

ಪುರಾಣದಲ್ಲಿ ಕಂಸನಿಗೆ ಅಶರೀರವಾಣಿ ಕೇಳಿಸಿತಷ್ಟೆ. ಅದು ಹೇಳಿತು, ಮರೆಯಾಯಿತು. ಎದುರು ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ. ಹಳ್ಳಿಯ ಬಾನುಲಿ ಅಂಥ ಅಶರೀರವಾಣಿಯಾದರೆ ಸಾಲದು. ಹೇಳುವ ಬಾಯಿ ಇರುವಂತೆ ಊರಿನ ಮಾತನ್ನು ಆಲಿಸುವ ಕಿವಿಯೂ ಅದಕ್ಕಿರಬೇಕು. ಇಂದು ನಾನು ಅರಿಕೆ ಮಾಡಬೇಕೆಂದಿರುವುದು ಇದೊಂದನ್ನೇ.

೧೯೫೯ರಲ್ಲಿ ಶ್ರೋತೃಕೂಟಗಳ ಯೋಜನೆ ದೇಶಕ್ಕೆಲ್ಲ ಹಬ್ಬಿ, ಸಾವಿರಾರು ಕೂಟಗಳು ಹುಟ್ಟಿಕೊಂಡವು. ೧೯೬೬ರಿಂದ ಆಕಾಶವಾಣಿಯಲ್ಲಿ ಕೃಷಿ ಮತ್ತು ಗೃಹ ವಿಭಾಗಗಳು ಬಂದವು. ತಂಜಾವೂರಿನ ರೈತರು ಬಾನುಲಿಯಿಂದ ತಿಳಿದು ಬೆಳೆದ ಹೊಸ ಭತ್ತವನ್ನು ‘ರೇಡಿಯೋ ಭತ್ತ’ವೆಂದೇ ಕರೆದರು. ಆದರೆ ಕೂಟಗಳು ಬಹುಕಾಲ ಬಾಳಲಿಲ್ಲ. ಕೆಟ್ಟ ಪೆಟ್ಟಿಗೆಯನ್ನು ಸರಿಪಡಿಸುವವರಿಲ್ಲ, ಮುಗಿದ ಬ್ಯಾಟರಿಯನ್ನು ತರುವವರಿಲ್ಲ, ಕೂಟವನ್ನು ವಿಚಾರಿಸುವವರಿಲ್ಲ ಎಂಬಂತಾಯಿತು. ಮೇಲಾಗಿ ಟ್ರಾನ್ಸಿಸ್ಟರ್ ಬಂದು ರೇಡಿಯೋ ಅಗ್ಗವಾಯಿತು, ಹೊಲಕ್ಕೂ ಒಯ್ಯಬಹುದಾಯಿತು. ಅದು ದೊಡ್ಡ ಉಪಕಾರವೇ ಸರಿ; ಜೊತೆಗೆ ಹತ್ತು ಜನ ಕೂಡಿ ಕೇಳುವ ಪದ್ಧತಿಯೂ ಸಡಿಲಿತು.

ಆ ಕಿವಿಯನ್ನು ಮರಳಿ ಪಡೆಯುವ ಯತ್ನ ಕನ್ನಡ ನಾಡಿನಲ್ಲೇ ನಡೆಯಿತು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರಲ್ಲಿ ಸಾರಿದರೂ, ಹಳ್ಳಿಯವರಿಗೆ ಪರವಾನಗಿ ಕೂಡಲೆ ದೊರೆಯಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕೈಕಟ್ಟಿ ಕೂಡಲಿಲ್ಲ. ಸ್ವಯಂಸೇವಾ ಸಂಸ್ಥೆಗಳ ನೆರವಿನಿಂದ ‘ನಮ್ಮ ಧ್ವನಿ’ಯನ್ನು ಕಟ್ಟಿ, ತಮ್ಮ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಮುಟ್ಟಿಸಿದರು. ೨೦೦೬ರಲ್ಲಿ ಸರಕಾರವು ಸಮುದಾಯ ಬಾನುಲಿಯ ಬಾಗಿಲನ್ನು ಸೇವಾಸಂಸ್ಥೆಗಳಿಗೂ ತೆರೆಯಿತು. ಅಂಥ ಕೇಂದ್ರದ ದನಿ ಕೆಲವೇ ಮೈಲಿ ಹೋಗುತ್ತದೆ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿರಬೇಕೆಂಬುದು ನಿಯಮ. ಆದರೆ ಸ್ವಂತ ವಾರ್ತೆಯನ್ನು ಬಿತ್ತರಿಸುವ ಅಧಿಕಾರ ಅದಕ್ಕಿಲ್ಲ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದಷ್ಟೆ. ತನ್ನ ಊರಿನ ಸುದ್ದಿಯನ್ನು ಊರೇ ಹೇಳಲಾಗದಿರುವುದು ನ್ಯಾಯವೇ ಎಂದು ತಾವೇ ವಿಚಾರ ಮಾಡಿರಿ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಬಾನುಲಿ ಏಕೆ ಎನ್ನುವವರಿದ್ದಾರೆ. ಮೊಬೈಲ್ ನಮ್ಮನ್ನು ಜಗತ್ತಿಗೆ ಜೋಡಿಸುತ್ತದೆ, ನಿಜ. ಆದರೆ ನಮ್ಮ ಕೆರೆಯ ಹೂಳು, ನಮ್ಮ ಶಾಲೆಯ ಮಾಡು, ನಮ್ಮ ತೋಟದ ರೋಗ, ಇವುಗಳ ಬಗ್ಗೆ ನಮ್ಮ ಆಡುಮಾತಿನಲ್ಲಿ, ಹೊಣೆಯರಿತು ಮಾತಾಡುವ ದನಿ ಬೇರೆ. ಕೇಳುಗರು ಮೌನವಾಗಿದ್ದರೆ ಅಂಥ ದನಿಯ ವೇಳೆಯನ್ನು ಮೊಟಕು ಮಾಡುವುದು ಬಹು ಸುಲಭ.

ಆದ್ದರಿಂದ ಸಂಘದ ಮುಂದೆ ಎರಡು ಸಣ್ಣ ಸೂಚನೆಗಳನ್ನು ಇಡುತ್ತೇನೆ. ಆಕಾಶವಾಣಿಯ ಕನ್ನಡ ಪ್ರಸಾರವನ್ನು ಈಗ ಮೊಬೈಲಿನ ಮೂಲಕ ಮುಲುಂಡಿನಲ್ಲೂ ಕೇಳಬಹುದು. ತಿಂಗಳಿಗೊಮ್ಮೆ ಒಂದೆಡೆ ಕೂಡಿ ಒಂದು ಕಾರ್ಯಕ್ರಮವನ್ನು ಕೇಳೋಣ, ಚರ್ಚಿಸೋಣ, ನಮ್ಮ ಅಭಿಪ್ರಾಯವನ್ನು ಕೇಂದ್ರಕ್ಕೆ ಬರೆದು ಕಳಿಸೋಣ. ಇನ್ನೊಂದು, ರಜೆಯಲ್ಲಿ ಊರಿಗೆ ಹೋದಾಗ ಹತ್ತಿರದಲ್ಲಿ ಸಮುದಾಯ ಬಾನುಲಿ ಇದೆಯೇ ಎಂದು ವಿಚಾರಿಸಿ, ಇದ್ದರೆ ಅಲ್ಲಿಗೆ ಹೋಗಿ ಎರಡು ಮಾತಾಡಿ ಬರೋಣ; ನಮ್ಮ ಮನೆಯ ಅಜ್ಜಿಯ ಹಾಡು, ಅಜ್ಜನ ಬೇಸಾಯದ ಅನುಭವ ಅಲ್ಲಿ ದಾಖಲಾಗುವಂತೆ ಮಾಡೋಣ.

ಹಳ್ಳಿಯ ಮಾತು ಹಳ್ಳಿಗೂ ನಾಡಿಗೂ ಕೇಳಿಸುವಂತಾಗಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.

ಜಯ ಕರ್ನಾಟಕ.