ಹಳೆಯ ಮೋಟಾರು ಗಾಡಿಯ ಮೌನ

ಮೋಟಾರು ಗಾಡಿಯನ್ನಿಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ಮುಂಜಾನೆ ಒದಗತಕ್ಕ ಸಂಕಟವೊಂದುಂಟು. ಹೊರಡುವ ಹೊತ್ತಾಗಿರುತ್ತದೆ, ಕೂರತಕ್ಕವರು ಕುಳಿತಿರುತ್ತಾರೆ, ಕೀಲಿಯನ್ನು ತಿರುವಿದರೆ ಇಂಜಿನು ಮಾತನಾಡದು. ಆ ಗಳಿಗೆಯಲ್ಲಿ ವಿದ್ಯಾವಂತನಾದವನೂ ತನ್ನ ವಿದ್ಯೆಯನ್ನು ಮರೆತು, ಹಾದಿಯಲ್ಲಿ ಹೋಗುವವರು ಹೇಳಿದುದನ್ನೆಲ್ಲ ನಂಬುವನು. ನಾವು ಕಾಲೇಜಿನಲ್ಲಿ ಬೋಧಿಸುವುದು ಸಾಹಿತ್ಯವೇ ಹೊರತು ಯಂತ್ರಶಾಸ್ತ್ರವಲ್ಲ. ಆದರೂ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ಧೈರ್ಯಮಾಡಿದ್ದೇವೆ. ಇದು ಕೈಚಳಕಕ್ಕಿಂತ ಹೆಚ್ಚಾಗಿ ವಿಚಾರಕ್ಕೆ ಸೇರಿದುದೆಂಬುದು ನಮಗೆ ಅನುಭವದಿಂದ ತಿಳಿದುಬಂದಿದೆ.

ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನಲ್ಲಿ ಮಮದಾಪುರವೆಂಬ ಊರಿದೆ. ಅಲ್ಲಿ ನಮ್ಮ ಕಾಕಾ ಅವರ ಮನೆ. ಅವರಲ್ಲಿ 1986ನೆಯ ಇಸವಿಯ ಅಂಬಾಸಡರ್ ಕಾರೊಂದುಂಟು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗತೊಡಗಿ, 2014ರಲ್ಲಿ ತಯಾರಿಕೆ ನಿಂತುಹೋದ ಆ ಗಾಡಿಯನ್ನು ಅರಿಯದವರಿಲ್ಲ. ಚಿಗವ್ವನವರನ್ನು ವಾರಕ್ಕೆರಡು ಸಲ ಔಷಧೋಪಚಾರಕ್ಕಾಗಿ ಗೋಕಾಕಕ್ಕೆ ಕರೆದೊಯ್ಯುವುದು ಆ ಕಾರಿನಲ್ಲಿಯೇ. ಬಸ್ಸಿನ ಮೆಟ್ಟಿಲನ್ನೇರುವ ಶಕ್ತಿ ಆಕೆಗೆ ಉಳಿದಿಲ್ಲ.

ನಾವು ಅಲ್ಲಿಗೆ ಹೋಗಿದ್ದ ಒಂದು ಮುಂಜಾನೆ ಆಕೆ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಆಸನದಲ್ಲಿ ಕುಳಿತಿದ್ದರು. ಕಾಕಾ ಕೀಲಿ ತಿರುವಿದರು, “ಟಕ್” ಎಂಬ ಒಂದು ಸದ್ದಾಯಿತು, ಅಷ್ಟೆ. ಕಾಕಾ ಅವರ ಮುಖ ಸಪ್ಪಗಾಯಿತು.

“ತಮ್ಮಾ, ಬ್ಯಾಟರಿ ಹೊಸಾದು ಹಾಕಿಸೀನಿ. ಸೆಲ್ಫ್ ಬಿಚ್ಚಿಸಿ ಕಟ್ಟಿಸೀನಿ. ಇನ್ನ ಇದರಾಗ ಏನ ಉಳದೈತಿ? ಗುಜರಿಗೆ ಹಾಕಿಬಿಡು ಅಂತಾರ ಎಲ್ಲಾರೂ,” ಎಂದರು.

ಒಂದು ತಿಂಗಳೊಳಗೆ ಪಿಂಚಣಿಯ ಬಹುಭಾಗ ಆ ಗಾಡಿಗೆ ಹೋಗಿತ್ತು. “ಬಸ್ಸಿಗೇ ಹೋಗೂಣು ಬಿಡ್ರಿ,” ಎಂದು ಚಿಗವ್ವ ಒಳಗಿನಿಂದ ಮೆಲ್ಲನೆ ನುಡಿದರು. ಅದು ಆಗದ ಮಾತೆಂದು ಮೂವರಿಗೂ ತಿಳಿದಿತ್ತು.

ಇಲ್ಲಿ ಮೊದಲು ಮಾಡತಕ್ಕ ಕೆಲಸವೆಂದರೆ ರೋಗವನ್ನು ವಿಂಗಡಿಸುವುದು. ಇಂಜಿನು ತಿರುಗಿಯೂ ಹೊತ್ತಿಕೊಳ್ಳದಿರುವುದು ಒಂದು ರೋಗ. ತಿರುಗದೆಯೇ ಇರುವುದು ಇನ್ನೊಂದು. ಮೊದಲನೆಯದರಲ್ಲಿ ಕಿಡಿಯನ್ನೂ ಪೆಟ್ರೋಲನ್ನೂ ಪರೀಕ್ಷಿಸಬೇಕು. ಎರಡನೆಯದರಲ್ಲಿ ಬ್ಯಾಟರಿ, ಸೆಲ್ಫ್ ಮೋಟಾರು, ಅವೆರಡರ ನಡುವಣ ಹಾದಿ ಇವುಗಳನ್ನು ಪರೀಕ್ಷಿಸಬೇಕು. ಇವೆರಡನ್ನು ಬೆರೆಸಿದವನು ತಲೆನೋವಿಗೆ ಕಾಲಿಗೆ ಪಟ್ಟುಹಾಕಿದಂತೆ ಆಗುವುದು. ನಮ್ಮ ಮುಂದಿದ್ದುದು ಎರಡನೆಯ ರೋಗ.

ಇದಕ್ಕೆ ಯಾವ ಉಪಕರಣವೂ ಬೇಡದ ಪರೀಕ್ಷೆಯೊಂದಿದೆ. ಮುಂದಿನ ದೀಪಗಳನ್ನು ಹೊತ್ತಿಸಿ ಕೀಲಿ ತಿರುವಬೇಕು. ದೀಪ ಆರುವಷ್ಟು ಮಂಕಾದರೆ ಬ್ಯಾಟರಿ ಸೊರಗಿದೆ, ಅಥವಾ ಅದರ ತಲೆಯ ಮೇಲಣ ಬಿಗಿತ ಸಡಿಲವಾಗಿದೆ, ಅಥವಾ ಮೋಟಾರು ಸಿಕ್ಕಿಕೊಂಡಿದೆ ಎಂದು ಶಂಕಿಸಬೇಕು. ದೀಪ ಬೆಳ್ಳಗೆಯೇ ಉರಿಯುತ್ತಿದ್ದು ಇಂಜಿನು ಮಾತ್ರ ಅಲುಗದಿದ್ದರೆ, ಬ್ಯಾಟರಿಯಲ್ಲಿ ಶಕ್ತಿಯಿದ್ದೂ ಅದು ಮೋಟಾರಿಗೆ ಸಲ್ಲುತ್ತಿಲ್ಲವೆಂದರ್ಥ. ನಮ್ಮ ಕಾರಿನ ದೀಪ ಕೊಂಚವೇ ಮಂಕಾಗಿ ಉರಿಯುತ್ತಲೇ ಇದ್ದಿತು. ಹಾಗಾದರೆ ಹೊಸ ಬ್ಯಾಟರಿಗೆ ಹಣ ತೆತ್ತುದು ವ್ಯರ್ಥವೆಂದು ಅರ್ಧ ನಿಮಿಷದಲ್ಲಿ ತಿಳಿದುಹೋಯಿತು.

“ದೀಪ ಉರಿಯುತ್ತದೆ, ಆದುದರಿಂದ ತಂತಿಗಳೆಲ್ಲ ಸರಿಯಾಗಿವೆ” ಎಂಬುದು ಲೋಕದ ತರ್ಕ. ಇದು ಎಷ್ಟು ಮೋಸದ ತರ್ಕವೆಂಬುದನ್ನು ಚಿಕ್ಕದೊಂದು ಲೆಕ್ಕದಿಂದ ತೋರಿಸಬಹುದು. ಹನ್ನೆರಡು ವೋಲ್ಟಿನ ಗಾಡಿಯಲ್ಲಿ ಒಂದು ದೀಪ ಸುಮಾರು 4 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಸೆಲ್ಫ್ ಮೋಟಾರು 150, 200 ಆಂಪಿಯರುಗಳನ್ನು ಬೇಡುತ್ತದೆ. ಹಾದಿಯಲ್ಲೆಲ್ಲೋ ಓಮಿನ ನೂರನೆಯ ಒಂದು ಪಾಲಿನಷ್ಟು ಅಡ್ಡಿಯಿದೆಯೆನ್ನೋಣ. ದೀಪಕ್ಕೆ ಅದರಿಂದಾಗುವ ನಷ್ಟ ಒಂದು ವೋಲ್ಟಿನ ನೂರರಲ್ಲಿ ನಾಲ್ಕು ಪಾಲು. ಅದು ಕಣ್ಣಿಗೇ ಕಾಣದು. ಮೋಟಾರಿಗಾದರೋ ಪೂರಾ 2 ವೋಲ್ಟು ನಷ್ಟ! ಅಡ್ಡಿ ಇನ್ನೂ ಹೆಚ್ಚಿದರೆ ಮೋಟಾರು ನಿಂತಲ್ಲೇ ನಿಲ್ಲುವುದು. ಘಟಪ್ರಭೆಯ ಕಾಲುವೆಯ ನೀರನ್ನು ಕಂಡ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂಳು ತುಂಬಿದ ಕಾಲುವೆಯಲ್ಲಿ ಕೊಡ ತುಂಬುವಷ್ಟು ನೀರು ಎಂದೂ ಬರುತ್ತದೆ. ಹೊಲ ನೆನೆಯುವಷ್ಟು ಬಾರದು.

ಹೂಳು ಎಲ್ಲಿದ್ದಿತು? ವಿದ್ಯುತ್ತು ಬ್ಯಾಟರಿಯಿಂದ ಹೊರಟರೆ ಸಾಲದು, ಬ್ಯಾಟರಿಗೆ ಮರಳಿಯೂ ಬರಬೇಕು. ಹೋಗುವ ಹಾದಿಗೆ ದಪ್ಪನಾದ ತಂತಿಯುಂಟು. ಅದನ್ನು ಎಲ್ಲರೂ ನೋಡುವರು. ಮರಳುವ ಹಾದಿ ಗಾಡಿಯ ಕಬ್ಬಿಣದ ಒಡಲೇ. ಅದನ್ನು ಯಾರೂ ನೋಡರು. ಆದರೆ ಇಂಜಿನು ಕೂತಿರುವುದು ರಬ್ಬರಿನ ದಿಂಬುಗಳ ಮೇಲೆ; ರಬ್ಬರು ವಿದ್ಯುತ್ತನ್ನು ಬಿಡದು. ಆದುದರಿಂದ ಇಂಜಿನಿನಿಂದ ಒಡಲಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಇದನ್ನೇ ನಮ್ಮ ಕಡೆಯ ಮಿಸ್ತ್ರಿಗಳು ಅರ್ತ್ ಪಟ್ಟಿಯೆನ್ನುವರು. ದೀಪದ ಪ್ರವಾಹ ಈ ಪಟ್ಟಿಯನ್ನು ಮುಟ್ಟದೆಯೇ ಒಡಲಿನ ಮೂಲಕ ಮರಳಿಬಿಡುತ್ತದೆ. ಮೋಟಾರಿನದು ಇದರಲ್ಲಿಯೇ ಹಾದುಬರಬೇಕು.

ನಾವು ಇದನ್ನು ಊಹಿಸಿದುದು ನಮ್ಮ ಜಾಣ್ಮೆಯಿಂದಲ್ಲ. ಕಾಕಾ ಮೂರು ನಾಲ್ಕು ಸಲ ಕೀಲಿ ತಿರುವಿದ ತರುವಾಯ ಚೋಕನ್ನು ಎಳೆಯಹೋಗಿ ಕೈ ಹಿಂತೆಗೆದರು. “ಇದ್ಯಾಕ ಬಿಸಿ ಆಗೇತಿ?” ಎಂದರು. ಪಟ್ಟಿಯ ಹಾದಿ ಕಟ್ಟಿದಾಗ ಪ್ರವಾಹವು ಸಿಕ್ಕ ಸಂದಿನಲ್ಲಿ ನುಗ್ಗುತ್ತದೆ. ಇಂಜಿನಿಗೂ ಒಡಲಿಗೂ ನಡುವೆ ಇರುವ ಚೋಕಿನ ಸಣ್ಣ ಉಕ್ಕಿನ ತಂತಿಯು ಆ ಭಾರವನ್ನು ಹೊತ್ತು ಕಾಯುತ್ತದೆ. ಬಿಸಿಯಾದ ಚೋಕಿಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಆದರೂ ಅಳೆದು ನೋಡುವುದು ಮೇಲು. ನೆರೆಯಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಹುಡುಗನಿಂದ ಮೀಟರನ್ನು ತರಿಸಿದೆವು. ಅದರ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತಲೆಗೂ ಇನ್ನೊಂದನ್ನು ಇಂಜಿನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು ಕೀಲಿ ತಿರುವಿಸಿದೆವು. ಹಾದಿ ಚೊಕ್ಕಟವಾಗಿದ್ದರೆ ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ತೋರಬೇಕು. ನಮಗೆ ತೋರಿದುದು ಹತ್ತರ ಸಮೀಪ. ಕೂಡಲೆ ಟ್ರಾಕ್ಟರಿನವರ ದಪ್ಪ ಕೇಬಲ್ಲೊಂದನ್ನು ತಂದು, ಅದೇ ಎರಡು ಸ್ಥಳಗಳಿಗೆ ಸೇರಿಸಿ ಕೀಲಿ ತಿರುವಿದರೆ, ಇಂಜಿನು ಒಂದೇ ಉಸುರಿಗೆ ಎದ್ದು ನಿಂತಿತು.

ಪಟ್ಟಿಯನ್ನು ಬಿಚ್ಚಿ ನೋಡಲಾಗಿ, ಬೋಲ್ಟಿನ ಕೆಳಗೆ ತುಕ್ಕೂ ಎಣ್ಣೆಯ ಜಿಡ್ಡೂ ಕೂಡಿ ಕರಿಯ ಪದರವಾಗಿದ್ದಿತು. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದೆವು. ಖರ್ಚು ಒಂದು ಹಾಳೆ ಉಪ್ಪುಕಾಗದ.

ಇಂಜಿನು ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಮಾಡತಕ್ಕುದೂ ಇದೇ ಕ್ರಮ. ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಅಲ್ಪ ವೋಲ್ಟನ್ನು ಕಾಯಿಲ್ ಎಂಬುದು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರಿನೊಳಗಣ ಪಾಯಿಂಟುಗಳು ತೆರೆದಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಮೊದಲು ಕಾಯಿಲಿಗೆ ವಿದ್ಯುತ್ತು ಬಂದಿದೆಯೇ, ಆಮೇಲೆ ಪಾಯಿಂಟುಗಳು ಶುದ್ಧವಾಗಿವೆಯೇ, ಅವುಗಳ ಸಂದು ಸರಿಯಾಗಿದೆಯೇ ಎಂದು ನೋಡಬೇಕು. ಅಂಬಾಸಡರಿನ ಆ ಇಂಜಿನಿಗೆ ಇದು ಅಂಗುಲದ ಸಾವಿರದಲ್ಲಿ ಹದಿನೈದು ಪಾಲು. ಹೀಗೆ ಮೂಲದಿಂದ ತುದಿಯವರೆಗೆ ಒಂದೊಂದೇ ಮೆಟ್ಟಿಲನ್ನು ಇಳಿಯಬೇಕು, ನಡುವೆ ಹಾರಬಾರದು.

ಒಂದು ಎಚ್ಚರಿಕೆಯನ್ನು ಹೇಳದೆ ಮುಗಿಸಲಾಗದು. ಗೇರನ್ನು ತಟಸ್ಥವಾಗಿಟ್ಟು ಹ್ಯಾಂಡ್‌ಬ್ರೇಕನ್ನು ಎಳೆದಿರಬೇಕು. ಬ್ಯಾಟರಿಯಿಂದ ಹೊರಡುವ ಜಲಜನಕವು ಸಿಡಿಯತಕ್ಕುದು; ಅದರ ಹತ್ತಿರ ಬೀಡಿಯೂ ಬೆಂಕಿಕಡ್ಡಿಯೂ ಕೂಡದು. ಕೈಯ ಉಂಗುರವನ್ನೂ ಗಡಿಯಾರವನ್ನೂ ತೆಗೆದಿಡಬೇಕು. ಪಟ್ಟಿಯನ್ನು ಬಿಚ್ಚುವ ಮುನ್ನ, ಬ್ಯಾಟರಿಯಿಂದ ಒಡಲಿಗೆ ಸೇರಿದ ತಂತಿಯನ್ನೇ ಮೊದಲು ಕಳಚಬೇಕು, ಕಡೆಗೆ ಸೇರಿಸಬೇಕು.

1912ರ ಕ್ಯಾಡಿಲಾಕ್ ಕಾರಿನಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗನು ವಿದ್ಯುತ್ತಿನ ಸೆಲ್ಫನ್ನು ಅಳವಡಿಸುವುದಕ್ಕೆ ಮುಂಚೆ, ಇಂಜಿನನ್ನೆಬ್ಬಿಸಲು ಮುಂದೆ ನಿಂತು ಹ್ಯಾಂಡಲು ತಿರುವಬೇಕಾಗಿತ್ತು; ಅದು ಹಿಮ್ಮುಖವಾಗಿ ಒದೆದು ಕೈಮುರಿದುಕೊಂಡವರೂ ಉಂಟು. ಕೀಲಿ ಬಂದಮೇಲೆ ತೋಳಿನ ಶ್ರಮ ತಪ್ಪಿತು. ವಿಚಾರದ ಶ್ರಮವೂ ತಪ್ಪಿತೆಂದು ನಾವೇ ಭ್ರಮಿಸಿದೆವು. ಕಾಕಾ ಅವರ ಗಾಡಿಯನ್ನು ನೋಡಿದ ಮಿಸ್ತ್ರಿಗಳು ಅಜ್ಞರೆಂದು ನಾವು ಹೇಳುವುದಿಲ್ಲ. ಅವರ ಕೈ ನಮ್ಮ ಕೈಗಿಂತ ನೂರು ಪಾಲು ನುರಿತುದು. ಅಳೆಯುವ ಮುನ್ನ ಬದಲಾಯಿಸಿದುದೊಂದೇ ಅವರ ತಪ್ಪು. ಬದಲಾಯಿಸಿ ಎಂದು ಅವಸರಪಡಿಸಿದುದು ನಮ್ಮವರ ತಪ್ಪು.

ಆ ದಿನ ಗಾಡಿ ಹೊರಟಾಗ ಒಂದು ಗಂಟೆ ತಡವಾಗಿದ್ದಿತು. ಚಿಗವ್ವನವರು ಅಷ್ಟು ಹೊತ್ತೂ ಹಿಂದಿನ ಆಸನದಿಂದ ಕೆಳಗಿಳಿದಿರಲಿಲ್ಲ.