ಪೊಳ್ಳಾದರೂ ನಿಂತ ಮರ

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

 

ಮರಗಳ ಬಗ್ಗೆ ನಾಲ್ಕು ಮಾತಾಡಿ ಎಂದು ಹೇಳಿದಾಗ ನನಗೆ ಸಂಕೋಚವಾಯಿತು. ನಾನು ಸಿವಿಲ್ ಇಂಜಿನಿಯರಿಂಗ್ ಓದಿ, 30ಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿ ರಸ್ತೆ ಮಾಡಿಸಿದವನು. ಇದ್ದದ್ದನ್ನು ಇದ್ದಂತೆ ಹೇಳಬೇಕೆಂದರೆ, ನಾನು ನೆಡಿಸಿದ ಮರಗಳಿಗಿಂತ ಕಡಿಸಿದ ಮರಗಳೇ ಹೆಚ್ಚು.

ನಮ್ಮ ಕೆಲಸದಲ್ಲಿ ಮರ ಎಂದರೆ ಒಂದು ನಂಬರು. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳುತ್ತೇವೆ. ಕಾಂಡದ ಮೇಲೆ ಬಣ್ಣದಲ್ಲಿ ನಂಬರು ಹಾಕುತ್ತೇವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಗಳ ಅನುಮತಿ ಬಂದರೆ, ಮುಂದಿನದು ಗರಗಸದ ಕೆಲಸ. ಕಾಗದದಲ್ಲಿ ಎಲ್ಲವೂ ಸರಿಯಾಗಿರುತ್ತದೆ.

ಒಂದು ರಸ್ತೆ ಅಗಲ ಮಾಡುವ ಕೆಲಸ. ತಿರುವಿನಲ್ಲಿ ದೊಡ್ಡ ಹುಣಸೆ ಮರ. ನಮ್ಮ ಗ್ಯಾಂಗ್‌ಮನ್ ಒಬ್ಬರು ಬಹಳ ವರ್ಷ ಅದರ ನೆರಳಲ್ಲೇ ಬುತ್ತಿ ಬಿಚ್ಚಿ ಉಂಡವರು. ಅವರು ಹತ್ತಿರ ಬಂದು, "ಸಾಹೇಬ್ರೇ, ರಸ್ತೆ ಆ ಕಡೆಗೆ ಒಂದೆರಡು ಮಾರು ಸರಿಸಿದ್ರೆ ಈ ಮರ ಉಳೀತದೆ" ಎಂದರು. ಗುತ್ತಿಗೆದಾರ, ಕೂಲಿಯವರು, ಊರಿನವರು ಎಲ್ಲ ಇದ್ದರು. "ಇಂಜಿನಿಯರ್ ನೀನೋ ನಾನೋ?" ಎಂದೆ. ಆಮೇಲೆ ಆಡಿದ ಮಾತುಗಳನ್ನು ಈ ಸನ್ನಿಧಿಯಲ್ಲಿ ಹೇಳಲಾರೆ. ಅವರು ಟವಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆ ಸರಿದರು. ಮಧ್ಯಾಹ್ನದ ಹೊತ್ತಿಗೆ ಮರ ನೆಲದ ಮೇಲಿತ್ತು. ರಸ್ತೆ ಸರಿಸಲು ಆಗುತ್ತಿತ್ತೋ ಇಲ್ಲವೋ, ನಾನು ನಕ್ಷೆ ಬಿಚ್ಚಿಯೂ ನೋಡಲಿಲ್ಲ.

ನಿವೃತ್ತನಾದ ಮೇಲೆ ಹುದ್ದೆ ಹೋಯಿತು, ಬಾಯಿ ಉಳಿಯಿತು. ಹಾಲು ಹಾಕುವ ಹುಡುಗನ ಮೇಲೆ, ಹೆಂಡತಿಯ ಮೇಲೆ ಕೂಗಾಡುತ್ತಿದ್ದೆ. ಒಂದು ದಿನ ಆಕೆ ಶಾಂತವಾಗಿಯೇ ಹೇಳಿದರು: "ಇದು ಸೈಟಲ್ಲ, ಮನೆ. ಇಲ್ಲಿರೋರು ನಿಮ್ಮ ಗ್ಯಾಂಗ್‌ಮನ್‌ಗಳಲ್ಲ." ಆಕೆಗೆ ಆ ಹುಣಸೆ ಮರದ ವಿಷಯ ಗೊತ್ತಿರಲಿಲ್ಲ. ಆದರೆ ನನಗೆ ಆ ಟವಲು ಕಣ್ಣ ಮುಂದೆ ಬಂತು. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಆ ದಿನಗಳಲ್ಲೇ ಗೆಳೆಯರೊಬ್ಬರು ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪಿಗೆ ಕರೆದುಕೊಂಡು ಹೋದರು. 54 ಎಕರೆ, ಸುಮಾರು 300 ಮರಗಳು. ಶತಮಾನಗಳನ್ನು ಕಂಡ ಮರಗಳು ಅಲ್ಲಿವೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾದ ಜಾಗ ಅದು. ಮೇಲೆ ವಿಮಾನಗಳು ಹೋಗುತ್ತಿರುತ್ತವೆ, ಕೆಳಗೆ ಇವು ತಮ್ಮ ಪಾಡಿಗೆ ನಿಂತಿರುತ್ತವೆ. ಹಳೇ ಚಾಳಿಯಂತೆ ನನ್ನ ಕಣ್ಣು ಮೊದಲು ಸುತ್ತಳತೆ ಅಂದಾಜು ಮಾಡಿತು. ಆಮೇಲೆ ಒಂದು ಮರದ ಪೊಟರೆಯೊಳಗೆ ಇಣುಕಿ ನೋಡಿದೆ. ಒಳಗೆ ಏನೂ ಇಲ್ಲ, ಪೂರ್ತಿ ಪೊಳ್ಳು. ತಲೆಯೆತ್ತಿದರೆ ಮೇಲೆ ಹಸಿರು ಚಿಗುರು, ಕಾಯಿ.

ಇಂಜಿನಿಯರ್ ಬುದ್ಧಿ ಸುಮ್ಮನಿರುತ್ತದೆಯೇ? ಅಲ್ಲೇ ಕುಳಿತು ಲೆಕ್ಕ ಹಾಕಿದೆ. ಒಂದು ಮೀಟರ್ ದಪ್ಪದ ಕಾಂಡದ ನಡುವೆ ಅರ್ಧ ಮೀಟರ್ ಪೊಳ್ಳಾಯಿತೆನ್ನಿ. ನಾಲ್ಕರಲ್ಲಿ ಒಂದು ಪಾಲು ಮರ ಹೋಯಿತು. ಆದರೆ ಬಾಗದೆ ನಿಲ್ಲುವ ಬಲದಲ್ಲಿ ಲೆಕ್ಕಕ್ಕೆ ಕಡಿಮೆಯಾಗುವುದು ನೂರಕ್ಕೆ ಸುಮಾರು 6 ಮಾತ್ರ. ಕಬ್ಬಿಣದ ಕೊಳವೆ ಗಟ್ಟಿಯಾಗಿರುವುದೂ ಇದೇ ಕಾರಣಕ್ಕೆ. ಮರದ ಜೀವ ಇರುವುದು ತೊಗಟೆಯ ಕೆಳಗಿನ ಪದರಗಳಲ್ಲಿ. ನಡುವಿನ ಚೇಗು ಸತ್ತ ಭಾಗ. ನಾನು ಇಷ್ಟು ದಿನ ಒಳಗೆ ತುಂಬಿಕೊಂಡಿದ್ದ ಹುದ್ದೆ, ಅಧಿಕಾರ, ನಾನು ಎಂಬ ಗತ್ತು ಹೋದರೆ ಬಿದ್ದೇ ಹೋಗುತ್ತೇನೆಂದು ಹೆದರಿದ್ದೆ. ಆ ಹೆದರಿಕೆಯೇ ಕೂಗಾಟವಾಗಿ ಹೊರಗೆ ಬರುತ್ತಿತ್ತು.

ಆಮೇಲೆ ತಿಂಗಳಿಗೊಮ್ಮೆ ಅಲ್ಲಿಗೆ ಹೋಗತೊಡಗಿದೆ. ಹಳೆಯ ಕೊಡಲಿ ಗಾಯಗಳನ್ನು ಗಮನಿಸಿದೆ. ನಮ್ಮ ಚರ್ಮದ ಗಾಯ ಅದೇ ಜಾಗದಲ್ಲಿ ಮಾಯುತ್ತದೆ. ಮರಕ್ಕೆ ಆ ಶಕ್ತಿ ಇಲ್ಲ. ಅದು ಗಾಯವಾದ ಭಾಗದ ಸುತ್ತ ಒಳಗೇ ಗೋಡೆ ಕಟ್ಟುತ್ತದೆ, ಹೊರಗಡೆ ಹೊಸ ಪದರ ಬೆಳೆಸುತ್ತದೆ. ಅಲೆಕ್ಸ್ ಶೈಗೊ ಎಂಬ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಗಾಯ ಒಳಗೆ ಹಾಗೇ ಇರುತ್ತದೆ. ಮರ ಅದನ್ನು ಇಟ್ಟುಕೊಂಡೇ ಬೆಳೆಯುತ್ತದೆ.

ಶರಣರೇ, ನನಗೆ ತಿಳಿದದ್ದು ಇಷ್ಟೇ. ನಾನು ಕಡಿಸಿದ ಮರ ಮತ್ತೆ ನಿಲ್ಲುವುದಿಲ್ಲ, ಆಡಿದ ಮಾತು ಅಳಿಸಿಹೋಗುವುದಿಲ್ಲ. ಆದರೆ ಈ ವರ್ಷದ ಪದರ ನನ್ನ ಕೈಯಲ್ಲಿದೆ.

ಆ ಗ್ಯಾಂಗ್‌ಮನ್ ಅವರ ಊರು ಹುಡುಕಿಕೊಂಡು ಹೋದೆ. ಕಣ್ಣು ಮಂಜಾಗಿತ್ತು, ದನಿಯಿಂದ ಗುರುತು ಹಿಡಿದರು. ನಾನು ಕೈ ಮುಗಿದು ತಪ್ಪಾಯಿತು ಎಂದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಮರ ಹೋದ್ರೆ ಹೋಯ್ತು ಸಾಹೇಬ್ರೇ, ಸರ್ಕಾರದ ಕೆಲಸ. ನಾಕು ಜನದ ಮುಂದೆ ಹಂಗಂದ್ರಲ್ಲ, ಅದು ಮಾತ್ರ ಹೋಗ್ಲಿಲ್ಲ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ಆದರೆ "ಊಟ ಮಾಡ್ಕೊಂಡು ಹೋಗಿ" ಎಂದರು. ಅವರ ಪಕ್ಕದಲ್ಲೇ ಕುಳಿತು ಮುದ್ದೆ, ಸೊಪ್ಪಿನ ಸಾರು ಉಂಡೆ. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ನಾವಿಬ್ಬರು ಒಟ್ಟಿಗೆ ಉಂಡದ್ದು ಅದೇ ಮೊದಲು. ಸಮಾನತೆಯ ಮಾತನ್ನು ಇಂಥ ಸಭೆಗಳಲ್ಲಿ ಎಷ್ಟು ಸಲ ಕೇಳಿ ತಲೆದೂಗಿದ್ದೆನೋ!

ನಮ್ಮ ಇಲಾಖೆಯ ಕೆಲಸದಲ್ಲಿ ಅಳತೆ ಪುಸ್ತಕ ಎಂದಿರುತ್ತದೆ. ಅಳತೆ ಬರೆಯದೆ ಬಿಲ್ಲಿಲ್ಲ. ಈಗ ನನಗಾಗಿ ಒಂದು ಅಳತೆ ಪುಸ್ತಕ ಇಟ್ಟಿದ್ದೇನೆ. ಇಂದು ಯಾರ ಮೇಲೆ ದನಿ ಏರಿಸಿದೆ ಎಂದು ರಾತ್ರಿ ಬರೆಯುತ್ತೇನೆ. ಮೇಲಧಿಕಾರಿ ಮರು ಅಳತೆ ಮಾಡಬೇಕಲ್ಲ, ಅದನ್ನು ಮನೆಯವರು ಮಾಡುತ್ತಾರೆ. ನಾನು ಸೊನ್ನೆ ಬರೆದ ಎಷ್ಟೋ ದಿನ ಆಕೆ ಎರಡು ಎಂದು ತಿದ್ದಿದ್ದಾರೆ.

ನಿಮ್ಮಲ್ಲಿ ಒಂದು ಬಿನ್ನಹ. ನಲ್ಲೂರಿಗೇ ಹೋಗಬೇಕೆಂದಿಲ್ಲ. ನಿಮ್ಮೂರಿನ ಅರಳಿ ಕಟ್ಟೆ ಸಾಕು, ಹೊಲದ ಬದುವಿನ ಬೇವು ಸಾಕು. ಒಂದೇ ಮರವನ್ನು ಆರಿಸಿಕೊಳ್ಳಿ. ಫೋನು ಮನೆಯಲ್ಲಿ ಬಿಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಅದರ ಕೆಳಗೆ ಕೂತುಕೊಳ್ಳಿ. ಮೊದಲೆರಡು ವಾರ ಬೇಸರವಾಗುತ್ತದೆ. ಆಮೇಲೆ ನೀವು ಮರೆತ ಒಂದು ಮುಖ ನೆನಪಿಗೆ ಬರುತ್ತದೆ. ಬಂದಾಗ ಎದ್ದು ಅವರ ಮನೆಗೆ ಹೋಗಿ. ಮರದ ಕೆಳಗೆ ಕೂತರೆ ಅರ್ಧ ಕೆಲಸ. ಉಳಿದರ್ಧ ಆ ಬಾಗಿಲ ಮುಂದೆ ನಿಂತಾಗ ಆಗುತ್ತದೆ.